ಕಾಯಿ ತಾರದವರು

ಕುಂದಲಹಳ್ಳಿಯ ಚಿಕ್ಕಬೈರಪ್ಪನವರ ಹೊಲವಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಪಿಜಿ ಎದ್ದಿದೆ. ಅವರ ಮನೆಯ ಹಿತ್ತಲಿನ ಒರಳು ಮಾತ್ರ ಕದಲಿಲ್ಲ. ಭಾನುವಾರ ಬೆಳಗಾದರೆ ನಾಯಿ ಕಚ್ಚಿದವರು ಗೇಟಿನ ಬಳಿ ಸಾಲು ನಿಲ್ಲುತ್ತಾರೆ. ಯಜಮಾನರು ಸ್ನಾನ ಮಾಡಿ, ಸೊಪ್ಪು ಅರೆದು, ಉಂಡೆ ಕಟ್ಟಿ ನುಂಗಿಸುತ್ತಾರೆ. ಹೆಂಡತಿ ಚಿಕ್ಕಮುನಿಯಮ್ಮ ಹೆಸರು, ಫೋನ್ ನಂಬರು ಒಂದು ಪುಸ್ತಕದಲ್ಲಿ ಬರೆಸಿಟ್ಟುಕೊಳ್ಳುತ್ತಾರೆ.

"ನಲವತ್ತೆಂಟು ದಿನ ಪಥ್ಯ. ಮಾಂಸ, ಬದನೆಕಾಯಿ ಮುಟ್ಬೇಡಿ. ಸೂಜಿ ಚುಚ್ಚಿಸ್ಕೋಬೇಡಿ. ಸೂಜಿ ಬಿದ್ರೆ ಔಸ್ದಿ ಕೆಡ್ತದೆ," ಎನ್ನುತ್ತಾರೆ ಯಜಮಾನರು.

ಪಥ್ಯ ಮುಗಿಸಿದವರು ಬಂದು ಒಂದು ತೆಂಗಿನಕಾಯಿ ಒಪ್ಪಿಸಬೇಕು. ಪಡಸಾಲೆಯ ಮೂಲೆಯಲ್ಲಿ ಕಾಯಿಯ ರಾಶಿ ಸದಾ ಇರುತ್ತದೆ. ಯಾರಾದರೂ ಅನುಮಾನಪಟ್ಟರೆ ಯಜಮಾನರು ಅದನ್ನು ತೋರಿಸುತ್ತಾರೆ. ಇವರು ಕೆಟ್ಟವರಲ್ಲ, ಒಂದು ಪೈಸೆ ಮುಟ್ಟುವವರಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಬರೆಯುವುದು ನನಗೆ ಸುಲಭವಾಗುತ್ತಿತ್ತು.

ಸೊಸೆ ಮಹಾಲಕ್ಷ್ಮಿಗೆ ಹೊಸ ಔಷಧಿಗಳ ಪರೀಕ್ಷೆಯ ದಾಖಲೆ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಕೆಲಸ. ಔಷಧಿ ಪಡೆದವರು ತಪಾಸಣೆಗೆ ಬಾರದಿದ್ದರೆ ಹುಡುಕಿಸಬೇಕು. ಬಾರದವರನ್ನು ವಾಸಿಯಾದವರೆಂದು ಬರೆಯುವಂತಿಲ್ಲ. ಒಂದು ಸಂಜೆ ಅವಳು ಬಾಯಿಬಿಟ್ಟೇ ಕೇಳಿದಳು.

"ಮಾವ, ಹೋದ ವರ್ಷ ಎಷ್ಟು ಜನ ಬಂದಿದ್ರು?"

"ಇನ್ನೂರು ಕಣಮ್ಮ."

"ಕಾಯಿ ತಂದೋರು?"

"ನೂರಿಪ್ಪತ್ತು ಇರಬೌದು."

"ಮಿಕ್ಕೋರು ಏನಾದ್ರು?"

"ಏನಾಗ್ತಾರೆ? ವಾಸಿಯಾಯ್ತು, ಮರೆತ್ರು. ಈಗಿನ ಜನ ಅಂಗೇ."

"ಸತ್ತೋರು ಕಾಯಿ ತರಲ್ಲ ಮಾವ. ಕಚ್ಚೋ ನಾಯಿಗೆಲ್ಲಾ ಹುಚ್ಚಿರಲ್ಲ. ಹುಚ್ಚಿಲ್ಲದ ನಾಯಿ ಕಚ್ಚಿದೋರು ಔಷಧಿ ಇಲ್ದೇನೂ ಬದುಕ್ತಾರೆ. ನಾಯಿ ಕಚ್ಚಿದ್ರೂ ನಿಮ್ಮತ್ರ ಬರದೇ ಇರೋರು ಎಷ್ಟು ಜನ ಬದುಕಿದ್ರು ಅಂತಾನೂ ನೋಡಬೇಕಲ್ವಾ?"

"ಬರ್ದೇ ಇರೋರ ಲೆಕ್ಕ ನನಗ್ಯಾಕಮ್ಮ?" ಎಂದು ಯಜಮಾನರು ಟವೆಲ್ ಕೊಡವಿ ಎದ್ದರು.

"ಬಿಡೇ, ಅಪ್ಪನ್ನ ಯಾಕೆ ಕೆಣಕ್ತೀಯ?" ಎಂದ ಗಂಡ ವಸಂತ್. ಮನೆಯ ನೆಮ್ಮದಿಗೆಂದು ಮಹಾಲಕ್ಷ್ಮಿ ಸುಮ್ಮನಾದಳು. ಆ ಒಂದು ಸುಮ್ಮನಾಗುವಿಕೆಯನ್ನು ಅವಳು ಇನ್ನೂ ಕ್ಷಮಿಸಿಕೊಂಡಿಲ್ಲ.

ಅದಾಗಿ ಎರಡು ತಿಂಗಳಿಗೆ ಅವಳ ಏಳು ವರ್ಷದ ಮಗಳು ಕೃಪಾಳಿಗೆ ಜ್ವರ ಬಂತು. ಎಡಗಾಲು ಜುಮ್ಮೆನ್ನುತ್ತದೆ ಎಂದಳು. ಮೂರನೆಯ ದಿನ ನೀರಿನ ಲೋಟ ತುಟಿಯ ಹತ್ತಿರ ತಂದರೆ ಗಂಟಲು ಬಿಗಿದು ಚೀರಿದಳು. ಮಹಾಲಕ್ಷ್ಮಿ ಲೋಟ ಕೆಳಗಿಟ್ಟಳು.

"ಪುಟ್ಟಿ, ನಾಯಿ ಏನಾದ್ರೂ ಕಚ್ಚಿತ್ತಾ?"

ಮಗು ಬಾಗಿಲಲ್ಲಿ ನಿಂತಿದ್ದ ಚಿಕ್ಕಬೈರಪ್ಪನವರ ಮುಖ ನೋಡಿತು. "ಹೇಳ್ಬೋದಾ ತಾತ?"

ತಾತ ತಲೆಯಾಡಿಸಿದರು.

"ಪಿಜಿ ಗೇಟ್ ಹತ್ರ, ನಾಯಿಮರಿ. ಚೂರೇ ಕಚ್ತು. ತಾತ ಔಷಧಿ ಕೊಟ್ರು. ನಿಂಗೆ ಗೊತ್ತಾದ್ರೆ ಸೂಜಿ ಹಾಕಿಸ್ತೀಯ, ಔಷಧಿ ಕೆಡುತ್ತೆ ಅಂದ್ರು. ನಾನು ಬದನೆಕಾಯಿ ತಿಂದೇ ಇಲ್ಲಮ್ಮ."

ಸ್ನಾನ ಮಾಡಿಸುತ್ತಿದ್ದ ಅಜ್ಜಿಗೂ ಗೊತ್ತಿತ್ತು. ಗಾಯ ಶಾಲೆಯ ಕಾಲುಚೀಲದೊಳಗೆ ಮಾಯ್ದು ಹೋಗಿತ್ತು.

"ಕಚ್ಚಿದ ದಿನವೇ ಸೋಪು ಹಾಕಿ ತೊಳೆದು ಚುಚ್ಚುಮದ್ದು ಕೊಡಿಸಿದ್ರೆ ಉಳೀತಿದ್ಲು," ಎಂದರು ಆಸ್ಪತ್ರೆಯ ವೈದ್ಯರು, ಯಾರ ಮುಖವನ್ನೂ ನೋಡದೆ. "ಈಗ ನಮ್ಮ ಕೈಯಲ್ಲೇನೂ ಇಲ್ಲ." ಎರಡು ದಿನ ಆ ಮಗು ಬಾಯಾರಿ, ನೀರಿಗೆ ಹೆದರಿ, ಅಮ್ಮನ ಸೆರಗು ಹಿಡಿದುಕೊಂಡೇ ಹೋಯಿತು.

ವಿಷಯ ತಿಳಿಯದವರು ಮುಂದಿನ ಭಾನುವಾರವೂ ಸಾಲು ನಿಂತರು. ಚಿಕ್ಕಬೈರಪ್ಪ ಒರಳಿನ ಮುಂದೆ ಬರಿಗೈಯಲ್ಲಿ ಕೂತಿದ್ದರು. ಗಾರೆ ಕೆಲಸದ ದಾಸಪ್ಪ, ಕೈಗೆ ಬಟ್ಟೆ ಸುತ್ತಿಕೊಂಡು ಮುಂದೆ ಬಂದ.

"ಔಸ್ದಿ ಕೊಡಿ ಯಜಮಾನ್ರೆ. ನಿಮ್ಮತ್ರ ಬಂದೋರು ಒಬ್ರೂ ಸತ್ತಿಲ್ವಂತೆ."

ಮುದುಕರು ಅವನ ಕೈಯ ಬಟ್ಟೆ ಬಿಚ್ಚಿ ನೋಡಿದರು.

"ನನ್ನ ಮೊಮ್ಮಗಳು ಕಾಯಿ ತಂದಿಲ್ಲ ಕಣಪ್ಪ," ಎಂದರು. "ಇನ್ನು ತರಲ್ಲ. ಆಸ್ಪತ್ರೆಗೆ ಓಗು. ಈಗ್ಲೇ ಓಗು. ಎಲ್ರೂ ಓಗ್ರಿ."

ಆಮೇಲೆ ಒಳಗೆ ಹೋಗಿ ಆ ನಂಬರಿನ ಪುಸ್ತಕ ತಂದು ಸೊಸೆಯ ಮಡಿಲಲ್ಲಿಟ್ಟರು.

"ಕಾಯಿ ತರ್ದೇ ಇರೋರ್ಗೆಲ್ಲ ಫೋನ್ ಮಾಡಮ್ಮ. ಈ ತಿಂಗ್ಳು ಬಂದೋರು ಇನ್ನೂ ಸೂಜಿ ಆಕಿಸ್ಕೋಬೌದೇನೋ ಕೇಳು."

ಮಹಾಲಕ್ಷ್ಮಿ ಅವರ ಮುಖ ನೋಡಲಿಲ್ಲ. ಕೊನೆಯ ಪುಟ ತೆಗೆದು ಮೊದಲ ನಂಬರು ಒತ್ತಿದಳು.