ಕೀ ತಿರುಗಿಸಿದರೆ

"ಟಕ್ ಟಕ್ ಅಂತಿದೆ ಅಷ್ಟೇ. ಎಂಜಿನ್ನು ತಿರುಗ್ತಾನೇ ಇಲ್ಲ ಮಾರಾಯ," ಎಂದು ಕಲೀಮ್ ಸ್ಟಾರ್ಟರ್ ಗುಂಡಿಯನ್ನು ಮತ್ತೆ ಒತ್ತಿದ. ಮೀಟರಿನ ಹಸಿರು ದೀಪ ಮಂಕಾಗಿ ನಡುಗಿ ಆರಿತು.

"ಒತ್ಬೇಡ್ವೋ, ಇರೋ ಜೀವಾನೂ ಹೋಗುತ್ತೆ," ಎಂದ ಶ್ರೀಕಂಠ. ಪಕ್ಕದ ಕಟ್ಟಡದ ಮೈಸೂರಿನವನು. ವಾರವಿಡೀ ಕಲೀಮ್‌ನನ್ನು ತನ್ನ ಕಾರಿನಲ್ಲಿ ಸಾಂಟಾ ಕ್ಲಾರಾದ ಆಫೀಸಿಗೆ ಕರೆದೊಯ್ಯುವವನೂ ಅವನೇ. "ಬೆಂಗಳೂರಾಗಿದ್ರೆ ಒಂದು ಕಿಕ್ ಹೊಡ್ದು ಹೋಗ್ತಾ ಇರ್ತಿದ್ದೆ. ಈ ನಿನ್ನ ಬೈಕಿಗೆ ಕಿಕ್ಕರ್ರೇ ಇಲ್ವಲ್ಲಪ್ಪ."

ಕಲೀಮ್‌ನ ಹೆಂಡತಿ ಮೆಹ್ರೀನ್ ಎರಡು ಲೋಟ ಚಹಾ ಹಿಡಿದು, ಗಾಡಿ ನಿಲ್ಲಿಸುವ ಕಾರ್‌ಪೋರ್ಟಿನ ಕಂಬದ ಪಕ್ಕ ನಿಂತಿದ್ದಳು. ಲಿವರ್‌ಮೋರ್‌ನ ಬಿಸಿಲು ಬೆಳಿಗ್ಗೆಯೇ ಡಾಂಬರನ್ನು ಕಾಯಿಸತೊಡಗಿತ್ತು. ಶನಿವಾರ ಗುಡ್ಡದ ರಸ್ತೆಯಲ್ಲಿ ಒಂದು ಸುತ್ತು ಹೋಗಿಬರುವುದು ಕಲೀಮ್‌ನ ರೂಢಿ. ಆಫೀಸಿನಲ್ಲಿ ಹೋದ ತಿಂಗಳು ಅರ್ಧ ಜನರನ್ನು ಮನೆಗೆ ಕಳಿಸಿದ ಮೇಲೆ ಅದೊಂದು ಸುತ್ತಿಗಾಗಿಯೇ ಅವನು ವಾರ ದೂಡುತ್ತಿದ್ದ.

"ಹಳೇ ಬ್ಯಾಟರಿ ಸತ್ತಾಗ ವಯಸ್ಸಾಗಿದೆ ಅಂದ್ರು. ಇದು ಹೊಸದು. ಇದಕ್ಕೇನು ಬಂತು ರೋಗ? ಮಾರ್ಬಿಡ್ತೀನಿ ನಾನು. ಈ ಸಲ ನಿಜವಾಗ್ಲೂ," ಎಂದ ಕಲೀಮ್.

ಲೋಟದ ಬಿಸಿ ಮೆಹ್ರೀನಳ ಬೆರಳು ಸುಟ್ಟಿತು. ಎರಡನ್ನೂ ಕಟ್ಟೆಯ ಮೇಲಿಟ್ಟಳು.

ಶ್ರೀಕಂಠ ಕಾರಿನ ಬ್ಯಾಟರಿಯಿಂದ ವಯರು ಎಳೆದು ಕೊಟ್ಟ. ಬೈಕು ಒಂದೇ ಒತ್ತಿಗೆ ಗುಡುಗಿತು. "ಸ್ಟಾರ್ಟರ್ ಸರಿ ಇದೆ," ಎಂದ. ವಯರು ತೆಗೆದು, ಎಂಜಿನ್ನು ಓಡುತ್ತಿರುವಾಗಲೇ ತಾನು ತಂದಿದ್ದ ವೋಲ್ಟ್ ಅಳೆಯುವ ಮೀಟರಿನ ಮೊನೆಗಳನ್ನು ಬ್ಯಾಟರಿಗೆ ಮುಟ್ಟಿಸಿದ. "ಹದಿನಾಲ್ಕು ವೋಲ್ಟ್ ತೋರಿಸ್ತಿದೆ. ಚಾರ್ಜೂ ಆಗ್ತಿದೆ." ಆಮೇಲೆ ಎಂಜಿನ್ನು ನಿಲ್ಲಿಸಿ, ನೆಗೆಟಿವ್ ವಯರು ಬಿಚ್ಚಿ, ನಡುವೆ ಮೀಟರು ಸೇರಿಸಿ ಬಗ್ಗಿ ನೋಡಿದ. "ನಿಂತಾಗ ಎಲ್ಲೂ ಸೋರ್ತಿಲ್ಲ. ಸೊನ್ನೆ."

"ಮತ್ತೆ?"

"ಮತ್ತೇನು, ಯಾರೋ ಕೀ ಆನ್ ಮಾಡಿ ಬಿಡ್ತಿದಾರೆ. ಇಲ್ಲಿನ ಬೈಕಲ್ಲಿ ಕೀ ತಿರುಗಿಸಿದ್ರೆ ಹೆಡ್‌ಲೈಟು ತಾನೇ ಹತ್ಕೊಳುತ್ತೆ, ಆರಿಸೋಕೆ ಸ್ವಿಚ್ಚೇ ಇಲ್ಲ. ಎಂಜಿನ್ ಓಡ್ದೆ ಅದು ಉರೀತಿದ್ರೆ ಬ್ಯಾಟರಿ ಎಷ್ಟು ದಿನ ತಡೆಯುತ್ತೆ?"

ಮೆಹ್ರೀನ್‌ಗೆ ಆಗ ಅರ್ಥವಾಯಿತು. ಹುಬ್ಬಳ್ಳಿಯಲ್ಲಿ ಅವಳು ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದ ಸ್ಕೂಟರಿನಲ್ಲಿ ಎಂಜಿನ್ನು ಓಡಿದರಷ್ಟೇ ದೀಪ. ಇಲ್ಲಿ ಅವಳು ಕಲೀಮ್‌ನ ಬೈಕಿನ ಕೀ ತಿರುಗಿಸಿದೊಡನೆ ಎದುರು ಗೋಡೆಯ ಮೇಲೆ ಬೆಳಕಿನ ಬಿಲ್ಲೆ ಮೂಡುತ್ತಿತ್ತು. ಖಾಲಿ ಅಂಗಡಿಗಳಲ್ಲೂ ಹಗಲೆಲ್ಲ ದೀಪ ಉರಿಸುವ ದೇಶ ಇದು, ಇದೂ ಹಾಗೇ ಎಂದುಕೊಂಡಿದ್ದಳು. ಗಂಡನ ವೀಸಾದ ಮೇಲೆ ಬಂದವಳು ಕೆಲಸ ಮಾಡುವಂತಿಲ್ಲ. ನಡೆದು ಹೋಗಲು ಇಲ್ಲೊಂದು ಅಂಗಡಿಯೂ ಇಲ್ಲ. ಮಧ್ಯಾಹ್ನ ಹೆಲ್ಮೆಟ್ ಹಾಕಿಕೊಂಡು ಬೈಕಿನ ಮೇಲೆ ಕೂತು ಆ ಬಿಲ್ಲೆಯನ್ನೇ ನೋಡುವಳು. ಹೆಲ್ಮೆಟ್ಟಿನೊಳಗೆ ತನ್ನ ಉಸಿರು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಅಷ್ಟು ಹೊತ್ತು ಅವಳು ಮನೆಯಲ್ಲಿರುತ್ತಿರಲಿಲ್ಲ.

ಶ್ರೀಕಂಠನ ಕಣ್ಣು ಬಲಗಡೆಯ ಕನ್ನಡಿಯ ಮೇಲೆ ನಿಂತಿತು. ಅದು ಕಲೀಮ್‌ನ ಎತ್ತರಕ್ಕಲ್ಲ, ಕೆಳಕ್ಕೆ ಬಾಗಿತ್ತು. ಅವನು ಮೆಹ್ರೀನಳತ್ತ ನೋಡಲಿಲ್ಲ. "ಯಾರೋ ಮಕ್ಳು ಆಡ್ತಿರ್ಬೇಕು ಬಿಡು," ಎಂದ.

"ಕೀ ಮನೇಲಿ ಮೊಳೆಗೆ ನೇತಾಡ್ತಿರುತ್ತೆ ಕಣೋ. ಮಕ್ಳಿಗೆ ಎಲ್ಲಿ ಸಿಗುತ್ತೆ? ಸುಮ್ನಿರು, ಈ ಗಾಡೀಲೇ ಏನೋ ಇದೆ. ನಾಳೇನೇ ಮಾರೋಕಿಡ್ತೀನಿ."

"ನಾನ ರೀ," ಎಂದಳು ಮೆಹ್ರೀನ್. ಇಬ್ಬರೂ ತಿರುಗಿದರು. "ಕೀ ಹಾಕಾಕಿ ನಾನ. ಮಧ್ಯಾಹ್ನ ಬಂದು ಇದರ ಮ್ಯಾಲೆ ಕುಂದ್ರತೀನಿ."

"ಕೂತ್ಕೊಂಡು?" ಎಂದ ಕಲೀಮ್.

"ಸುಮ್ನ ಕುಂದ್ರತೀನಿ."

ಅವನು ಬೈಯುತ್ತಾನೆಂದು ಅವಳು ಕಾದಳು. ಕಲೀಮ್ ಜೋರಾಗಿ ನಕ್ಕ. ವಾರಗಳಿಂದ ಬಿಗಿದಿದ್ದ ಮುಖ ಸಡಿಲವಾಯಿತು. "ಅಯ್ಯೋ, ಮೊದಲೇ ಹೇಳೋದಲ್ವಾ! ಆ ಬ್ಯಾಟರಿ ಅಂಗಡಿಯವನಿಗೆ ಎಷ್ಟು ಬೈಕೊಂಡೆ ಗೊತ್ತಾ? ಗಾಡಿ ಗಟ್ಟಿಮುಟ್ಟಾಗಿದೆ ಅಂತಾಯ್ತಲ್ಲ!"

"ಅವರಿಗೂ ಲೈಸೆನ್ಸ್ ಕೊಡಿಸೋ," ಎಂದ ಶ್ರೀಕಂಠ, ಬಿಚ್ಚಿದ್ದ ನೆಗೆಟಿವ್ ವಯರು ಬಿಗಿದು, ಕಾರಿನಿಂದ ಬ್ಯಾಟರಿಗೆ ಸ್ವಲ್ಪ ಹೊತ್ತು ಚಾರ್ಜು ಕೊಟ್ಟ ಮೇಲೆ ತನ್ನ ವಯರು ಸುತ್ತುತ್ತ. "ಸ್ಕೂಟರ್ ಓಡಿಸಿದೋರಲ್ವಾ."

"ಫ್ರೀವೇ ಕಣೋ ಇದು, ಹುಬ್ಬಳ್ಳಿ ಅಲ್ಲ. ಬಿದ್ದು ಕಾಲು ಮುರ್ಕೊಂಡ್ರೆ? ನನ್ನ ಕೆಲಸದ್ದೇ ಗ್ಯಾರಂಟಿ ಇಲ್ಲ ಈಗ. ಗ್ರೀನ್ ಕಾರ್ಡು ಬರ್ಲಿ, ನೋಡೋಣ."

ಶ್ರೀಕಂಠ ತಣ್ಣಗಾದ ಚಹಾ ಕುಡಿದು, "ಚೆನ್ನಾಗಿದೆ ಮೇಡಂ," ಎಂದು ಹೊರಟ.

ಕಲೀಮ್ ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡ. ಬೈಕಿನ ಕೀಯನ್ನು ಮನೆಯ, ಆಫೀಸಿನ ಕೀಗಳ ಗೊಂಚಲಿಗೆ ಪೋಣಿಸಿದ. "ಇನ್ನು ಇದು ನನ್ನ ಜೇಬಲ್ಲೇ ಇರುತ್ತೆ, ನಿಂಗೂ ತಲೆನೋವಿಲ್ಲ," ಎಂದು ಉರ್ದುವಿನಲ್ಲಿ ಮೃದುವಾಗಿ ಹೇಳಿ ಅವಳ ಭುಜ ತಟ್ಟಿದ. ಬೈಕು ಒಂದೇ ಒತ್ತಿಗೆ ಹೊರಟು ಗುಡ್ಡದ ಕಡೆ ತಿರುಗಿತು. ಸದ್ದು ಪೂರ್ತಿ ಅಡಗುವವರೆಗೂ ಅವಳು ಅಲ್ಲೇ ನಿಂತಿದ್ದಳು.

ಸೋಮವಾರ ಮಧ್ಯಾಹ್ನ ಬಾಗಿಲ ಪಕ್ಕದಲ್ಲಿ ಬರಿಯ ಮೊಳೆ ಇತ್ತು. ಅವಳು ಹೆಲ್ಮೆಟ್ ಎತ್ತಿಕೊಂಡು ಕೆಳಗಿಳಿದಳು. ಹ್ಯಾಂಡಲ್ ಎಡಕ್ಕೆ ಹೊರಳಿ ಲಾಕಾಗಿತ್ತು. ಹತ್ತಿ ಕೂತಳು. ಎದುರಿನ ಗೋಡೆ ಗೋಡೆಯಾಗಿಯೇ ಇತ್ತು. ಕನ್ನಡಿಯನ್ನು ತನ್ನ ಕಣ್ಣಿನ ಮಟ್ಟಕ್ಕೆ ಇಳಿಸಿದಳು. ಹ್ಯಾಂಡಲ್ ಹೊರಳಿದ್ದರಿಂದ ಅದರಲ್ಲಿ ಹಿಂದಿನ ರಸ್ತೆ ಕಾಣಲಿಲ್ಲ. ಮೆಟ್ಟಿಲು ಕಂಡಿತು, ಮೆಟ್ಟಿಲ ತುದಿಯಲ್ಲಿ ಅವಳು ತೆರೆದಿಟ್ಟು ಬಂದಿದ್ದ ತನ್ನದೇ ಮನೆಯ ಬಾಗಿಲು.

ಹೆಲ್ಮೆಟ್ ಹಾಕಿಕೊಂಡು, ಕ್ಲಚ್ಚು ಹಿಡಿದಳು.