ಡಬ್ಬಿಯ ಮೇಲಿನ ನಗು

ತಾಯಿಯ ದಿಂಬಿನ ಕೆಳಗೆ ಸಿಕ್ಕ ಡಬ್ಬಿಯ ಮುಚ್ಚಳ ತೆಗೆದು ಕಿರಿಮಗಳು ಮೂಸಿದಳು. ಬೂಷ್ಟಿನ ನಾತ. ಪ್ರಯೋಗಾಲಯದಲ್ಲಿ ಸಮುದ್ರದ ಶಿಲೀಂಧ್ರಗಳ ಜೊತೆ ಹಗಲೆಲ್ಲ ಏಗುವವಳಿಗೆ ಆ ನಾತ ಹೊಸದೇನಲ್ಲ. ದೋಣಿ ಕಟ್ಟುವ ಹಗ್ಗದ ಮೇಲಿನ ಹಸಿರು ಬೂಷ್ಟನ್ನು ಕೆರೆದು, ಒಣಗಿಸಿ, ಕ್ಯಾಪ್ಸೂಲಿಗೆ ತುಂಬಿದ್ದರು. ಡಬ್ಬಿಯ ಮೇಲೆ ಬಿಳಿ ಕೋಟು ಹಾಕಿಕೊಂಡು ಹಲ್ಲು ಬಿಟ್ಟು ನಗುತ್ತಿದ್ದವಳು ಬೇರೆ ಯಾರೂ ಅಲ್ಲ, ಅವಳೇ.

ಈ ಹೇಸಿಗೆ ಕೆಲಸ ಯಾರದೆಂದು ಊಹಿಸಲು ಕಷ್ಟವೇನಿರಲಿಲ್ಲ. ದೋಣಿ ಇಟ್ಟುಕೊಂಡಿದ್ದ ಅಕ್ಕನ ಗಂಡನಿಗೆ ಫೋನು ಮಾಡಿದಳು.

"ನಾದಿನಿ ಕಂಡುಹಿಡಿದದ್ದನ್ನ ನಾಲ್ಕು ಜನಕ್ಕೆ ಮುಟ್ಟಿಸಿದ್ರೆ ತಪ್ಪೇನಮ್ಮ?"

"ಭಾವ, ಅದು ಹಗ್ಗದ ಬೂಷ್ಟು."

"ಬೂಷ್ಟು ಬೂಷ್ಟೇ. ನಿಂದು ಗಾಜಿನ ತಟ್ಟೇಲಿ ಬೆಳೆಯುತ್ತೆ, ನಂದು ಹಗ್ಗದ ಮೇಲೆ ಬೆಳೆಯುತ್ತೆ."

ಥೂ, ಇವನ ಮುಖಕ್ಕಿಷ್ಟು. ಆದರೆ ಇವನೊಬ್ಬನನ್ನೇ ಬೈದು ಏನು ಬಂತು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವನು ಅವಳ ಪ್ರಯೋಗಾಲಯದ ಮುಖ್ಯಸ್ಥ. ಕಡಲತಳದ ಸ್ಪಂಜಿನಲ್ಲಿ ಸಿಕ್ಕ ಶಿಲೀಂಧ್ರದ ರಸ ಕ್ಯಾನ್ಸರನ್ನು ಕೊಲ್ಲುತ್ತದೆ ಎಂದು ಪತ್ರಿಕೆಯವರ ಮುಂದೆ ಸಾರಿದ್ದ. ಡಬ್ಬಿಯ ಮೇಲಿನ ಫೋಟೋ ಅವತ್ತು ತೆಗೆದದ್ದೇ. ತಟ್ಟೆಯಲ್ಲಿ ಕೊಂದದ್ದು ನಿಜ. ಪಕ್ಕದ ತಟ್ಟೆಯಲ್ಲಿ ಏನಾಯಿತೆಂಬುದನ್ನು ಮಾತ್ರ ಆತ ಬಾಯಿ ಬಿಡಲಿಲ್ಲ.

ತಾಯಿಗೆ ಹೊಟ್ಟೆಯಲ್ಲಿ ಕ್ಯಾನ್ಸರಿನ ಗೆಡ್ಡೆ. ಆಸ್ಪತ್ರೆಯ ಇಂಜೆಕ್ಷನ್ನಿಗೆ ಅದು ಕರಗುತ್ತಿತ್ತು. ನಿಲ್ಲಿಸಿದರೆ ಮತ್ತೆ ಏಳುತ್ತದೆ ಎಂದು ವೈದ್ಯೆ ಒತ್ತಿ ಹೇಳಿದ್ದರು. ಕ್ಯಾಪ್ಸೂಲು ಬಂದ ಮೇಲೆ ತಾಯಿ ಆಸ್ಪತ್ರೆಯ ಕಡೆ ತಲೆಯನ್ನೂ ಹಾಕಿರಲಿಲ್ಲ.

"ಬಾಯೆಲ್ಲ ಹುಣ್ಣು, ತಲೆಯೆಲ್ಲ ಬೋಳು. ಹೆತ್ತ ಮಗಳ ಔಷಧಿ ಇರೋವಾಗ ಆ ಸೂಜಿ ಯಾಕೆ ಚುಚ್ಚಿಸ್ಕೊಳ್ಲಿ?" ಎಂದಳು ತಾಯಿ.

ಅದು ಹಗ್ಗದ ಬೂಷ್ಟೆಂದು ಮಗಳು ಎಷ್ಟು ಹೇಳಿದರೂ ತಾಯಿ ನಂಬಲಿಲ್ಲ. ಆಗ ಒಂದು ಉಪಾಯ ಹೊಳೆಯಿತು. ತಾಯಿ ಅನ್ನದಲ್ಲಿ ಒಂದು ಕೂದಲು ಕಂಡರೆ ಪಾತ್ರೆಯ ಅನ್ನವನ್ನೆಲ್ಲ ಚೆಲ್ಲುವವಳು. ನೊಣ ಕೂತ ಲೋಟ ಆ ಮನೆಯಲ್ಲಿ ಬಾಳಿದ್ದಿಲ್ಲ. ಬುದ್ಧಿ ಮಾಡದ್ದನ್ನು ಹೇಸಿಗೆಯಾದರೂ ಮಾಡಲಿ.

ಮರುದಿನ ಪ್ರಯೋಗಾಲಯದಿಂದ ಒಂದು ಜಾಡಿ ಹೊತ್ತು ತಂದಳು. ಕೊಳೆತ ಸ್ಪಂಜಿನ ತುಂಡು, ಅದರ ಮೇಲೆ ಕಫದಂತೆ ಲೋಳೆಲೋಳೆಯಾಗಿ ಹಬ್ಬಿದ ಕಪ್ಪು ಬೂಷ್ಟು. ಮುಚ್ಚಳ ತಿರುಗಿಸಿದ್ದೇ ತಡ, ಸತ್ತ ಇಲಿಯ ನಾತ ಕೋಣೆಯ ಮೂಲೆಮೂಲೆಗೂ ಹರಡಿತು. ತಾಯಿ ಬೇಸಿನ್ನಿಗೆ ಬಾಗಿ ಕರುಳೇ ಕಿತ್ತುಬರುವಂತೆ ವಾಂತಿ ಮಾಡಿದಳು. ಅವಳ ಬೆನ್ನು ಸವರುತ್ತಲೇ ಮಗಳು ಒಳಗೊಳಗೇ ಗೆದ್ದೆ ಎಂದುಕೊಂಡಳು.

"ನೋಡಮ್ಮ, ನಾನು ಕಂಡುಹಿಡಿದದ್ದು ಈ ಗಲೀಜು. ಬೇಕಾ ಇನ್ನೂ?"

ತಾಯಿ ಬಾಯಿ ಒರೆಸಿಕೊಂಡು ಜಾಡಿಯನ್ನೇ ದಿಟ್ಟಿಸಿದಳು.

"ಅಳಿಯ ಕೊಟ್ಟಿದ್ದು ನಿಜವಾಗ್ಲೂ ಇದಲ್ವಾ ಹಾಗಾದ್ರೆ?"

"ಅಲ್ಲವೇ ಅಲ್ಲ."

ತಾಯಿ ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಇನ್ನೊಂದು ಕೈಯಿಂದ ಮೇಜಿನ ಮೇಲಿದ್ದ ಚಮಚ ಎತ್ತಿಕೊಂಡಳು.

"ಅಸಲಿ ಇದೇ ತಾನೇ. ಒಂದು ಚಮಚ ಹಾಕು, ಕಣ್ಣು ಮುಚ್ಚಿ ನುಂಗಿಬಿಡ್ತೀನಿ. ನಂಗಿನ್ನೂ ಬದುಕಬೇಕು ಕಣೇ."

ಮಗಳು ಜಾಡಿಯನ್ನು ಎದೆಗವಚಿಕೊಂಡು ಹಿಂದೆ ಸರಿದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ಪಕ್ಕದ ತಟ್ಟೇಲಿ ಆರೋಗ್ಯವಾಗಿದ್ದ ಜೀವಕೋಶ ಇಟ್ಟಿದ್ವಿ, ಅಮ್ಮ. ಅವನ್ನೂ ಇದು ಕೊಂದುಹಾಕ್ತು. ಮೈಗೆ ಆಗೋ ಔಷಧಿ ಇದರಿಂದ ಬರುತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ. ಪೇಪರಿನವರಿಗೆ ಅದನ್ನ ಹೇಳ್ಲಿಲ್ಲ."

"ಯಾರು ಹೇಳ್ಲಿಲ್ಲ?"

"ನಮ್ಮ ಸಾಹೇಬ್ರು."

"ನೀನು?"

ಮಗಳು ಜಾಡಿಯ ಮುಚ್ಚಳ ಬಿಗಿದಳು. ತಾಯಿ ಡಬ್ಬಿಯ ಮೇಲಿನ ಫೋಟೋ ನೋಡಿದಳು. ಆಮೇಲೆ ತಲೆಯೆತ್ತಿ, ಅನ್ನದಲ್ಲಿ ಕೂದಲು ಕಂಡಾಗ ನೋಡುತ್ತಿದ್ದಳಲ್ಲ, ಹಾಗೆ ಮಗಳನ್ನು ನೋಡಿದಳು. ಚಮಚವನ್ನು ಮೇಜಿನ ಮೇಲಿಟ್ಟಳು.

"ನಾಳೆ ಆಸ್ಪತ್ರೆಗೆ ಹೋಗ್ತೀನಿ," ಎಂದಳು. "ಅಕ್ಕನ್ನ ಬರಹೇಳು. ನೀನು ಬರೋದು ಬೇಡ."