ಅನಂತಪುರಕ್ಕೆ ಹೂಂ ಅನ್ನುವ ಮೊದಲು

ಏಸಿ ಹಾಕಿದ ಕೂಡಲೇ ಆಫೀಸಿನ ಗೋಡೆಯೊಳಗಿನಿಂದ ಶೇಂಗಾ ಹಿಂಡಿಯ ವಾಸನೆ ಎದ್ದು ಬರುತ್ತದೆ, ಎರಡು ಕೋಟು ಬಣ್ಣ ಬಳಿದರೂ ಹೋಗಿಲ್ಲ, ಯಂತ್ರ ಕಿತ್ತು ಕಂಪ್ಯೂಟರು ಇಟ್ಟ ಮಾತ್ರಕ್ಕೆ ಎಣ್ಣೆಮಿಲ್ಲು ಹಳೆಯದನ್ನು ಮರೆಯುತ್ತದೆಯೇ — ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಹಿತ, ಚಳ್ಳಕೆರೆಗೆ ಸೊಸೆಯಾಗಿ ಬಂದು ಬಸ್ಸಿಳಿದಾಗ ಮೊದಲು ಮೂಗಿಗೆ ಬಡಿದದ್ದು ಇದೇ. ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ನಾಲ್ಕೇ ಜನ ಇದ್ದಾಗ ಮಂಡಕ್ಕಿ, ಮೆಣಸಿನಕಾಯಿ ವಾಸನೆ, ಒಂದೇ ಪೇಪರಿನ ಸುತ್ತ ಕೂತು ಎಲ್ಲರೂ ಕೈ ಹಾಕುತ್ತಿದ್ದೆವು, ಎಣ್ಣೆಮಿಲ್ಲುಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ ಅಂದರೆ ಪೇಟೆಯವರು ನಗುತ್ತಿದ್ದರು, ಮಾಲೀಕ ಮಹಾಂತೇಶ್ ಆಗ ನನಗೆ ಮಾಂತಣ್ಣ, ಅವನ ಬಾಯಲ್ಲಿ ನಾನು ಶೈಲಕ್ಕ. ಈಗ ಸಾಲುಸಾಲು ಕುರ್ಚಿ, ಕೊರಳಿಗೆ ಫೋಟೊ ಇರುವ ಕಾರ್ಡು, ಒಬ್ಬರ ಹೆಸರು ಕಲಿಯುವಷ್ಟರಲ್ಲಿ ಇನ್ನೊಂದು ಹೊಸ ಮುಖ, ಮಾಂತಣ್ಣ ಸರ್ ಆದ, ನಾನು ಮೇಡಂ ಆದೆ, ಯಾವತ್ತು ಆದದ್ದು ಅಂತ ಇಬ್ಬರಿಗೂ ಗೊತ್ತಿಲ್ಲ.

ಫೋನು, ರಾಯದುರ್ಗದ ಮಿಲ್ಲಿನವರು, ಅಮ್ಮಾ, ಸ್ಟಾಕು ಮೈನಸ್ ಚೂಪಿಸ್ತಾಂದಿ — ಮೈನಸ್ ತೋರಿಸುತ್ತಿದೆಯಂತೆ, ಖರೀದಿ ಬರೆಯದೆ ಮಾರಾಟ ಬರೆದಿದ್ದೀರಿ ಅಂತ ಅವರ ತೆಲುಗಲ್ಲೇ ಹೇಳುತ್ತೇನೆ, ಆಂಧ್ರದ ಗಡಿಯ ದೇವಸಮುದ್ರದವಳು ನಾನು, ಆ ಮಾತು ಯಾರೂ ಕಲಿಸಿದ್ದಲ್ಲ, ಅಂಗಳದಲ್ಲಿ ಆಡುತ್ತ ಬಂದದ್ದು — ಹೇಳುತ್ತಿರುವಾಗಲೇ ಎದೆ ಬಿಗಿಯುತ್ತದೆ, ಕೂಸಿಗೆ ಹಸಿವಾಗುವ ಹೊತ್ತು, ಅಲ್ಲಿ ಮನೆಯಲ್ಲಿ ಅತ್ತಳೋ ಏನೋ, ಇಲ್ಲಿ ಕುಪ್ಪಸ ಒದ್ದೆ, ಸೆರಗೆಳೆದು ಮುಚ್ಚಿಕೊಳ್ಳುತ್ತೇನೆ, ಮೀರೇ ವಚ್ಚಿ ಚೂಡಂಡಮ್ಮಾ ಅನ್ನುತ್ತಿದೆ ಫೋನು, ನೀವೇ ಬಂದು ನೋಡಿ ಅಂತ ಆ ಕಡೆಯ ಮಿಲ್ಲುಗಳೆಲ್ಲ ಕರೆಯುತ್ತಿವೆ, ಅದಕ್ಕೇ ಅನಂತಪುರದಲ್ಲಿ ಹೊಸ ಆಫೀಸು, ಅದಕ್ಕೇ ನಿನ್ನೆ ಮಹಾಂತೇಶ್ ಕರೆದು ಕೂರಿಸಿ, ಅಲ್ಲಿಗೆ ನೀವೇ ಯಜಮಾನರು ಮೇಡಂ, ಆರು ತಿಂಗಳು ಅಲ್ಲೇ ಇರ್ಬೇಕಾಗ್ತೈತೆ, ಕೂಸು ಕಟ್ಕಂಡು ಮಿಲ್ಲು ಮಿಲ್ಲು ತಿರುಗಾಕಾಗಲ್ಲ, ನಾಳೆ ಊಟದ ಹೊತ್ತಿಗೆ ಹೇಳ್ರಿ, ಆಗಲ್ಲ ಅಂದ್ರೆ ಆ ಬಳ್ಳಾರಿ ಹುಡುಗನ್ನ ಕಳಿಸ್ತೀನಿ, ತಪ್ಪು ತಿಳ್ಕಬ್ಯಾಡ್ರಿ, ಅಂದ. ಬಳ್ಳಾರಿಯವನಿಗೆ ಮೌಸು ಹಿಡಿಯುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಲಿಸಿದವಳು ನಾನೇ.

ನನಗೆ ಹೋಗಬೇಕು. ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ, ಒಳಗೊಳಗೇ ಹೇಳಿಕೊಳ್ಳಲು ಯಾರಪ್ಪಣೆ ಬೇಕು, ಹೋಗಬೇಕು, ಅಂಗಡಿ ಮೇಲಿನ ಆ ಕೋಣೆಯಿಂದ ಇಷ್ಟು ದೊಡ್ಡದಾದದ್ದರಲ್ಲಿ ನನ್ನದೂ ಪಾಲಿದೆ. ಗಂಡ ವೀರೇಶ್ ರಾತ್ರಿ ನಿನ್ನಿಷ್ಟ ಅಂದು ಮಗ್ಗುಲು ಬದಲಿಸಿದ, ಗಟ್ಟಿ ನಿಂತವರು ಅತ್ತೆ ಶಿವಬಸಮ್ಮ, ಹೋಗವ್ವ, ನನ್ನನ್ನ ಈ ಜನ್ಮದಾಗೆ ಯಾರು ಎಲ್ಲಿಗೆ ಕರೆದ್ರು, ಕೂಸನ್ನ ನಾನು ನೋಡ್ಕಂತೀನಿ, ಮೊದ್ಲು ಹಾಲು ಬಿಡಿಸು, ಅಂದರು. ಬೆಳಿಗ್ಗೆ ಬೇವಿನೆಲೆ ಅರೆದವರೂ ಅವರೇ, ಬಟ್ಟಲು ಕೈಗಿಟ್ಟು, ಎದಿಗೆ ದಪ್ಪಗೆ ಹಚ್ಚು, ಒಂದ್ಸಲ ಕಹಿ ಹತ್ತಿದ್ರೆ ತಾನೇ ಮುಖ ತಿರುಗಿಸ್ತೈತೆ, ನಿನ್ನ ಗಂಡನೂ ಹಂಗೇ ಬಿಟ್ಟಿದ್ದು, ಅಂದು ಬಾಗಿಲು ಎಳೆದುಕೊಂಡು ಹೋದರು. ಹಚ್ಚಿದೆ. ತಣ್ಣಗಿತ್ತು. ಐಶ್ವರ್ಯ ತೊಡೆಯ ಮೇಲೆ, ಇನ್ನೂ ವರ್ಷ ತುಂಬಿಲ್ಲ, ಬಾಯಿ ಹಾಕಿದಳು, ತಕ್ಷಣ ಮುಖ ಕಿವುಚಿದಳು, ನಾಲಗೆ ಹೊರಗೆ, ಹಸಿರು ಜೊಲ್ಲು ಗದ್ದಕ್ಕಿಳಿಯಿತು, ಈಗ ತಿರುಗಿಸುತ್ತಾಳೆ ಅಂತ ಕಾದೆ, ತಿರುಗಿಸಲಿ ಅಂತಲೇ ಕಾದೆ — ಅವಳು ನನ್ನ ಮುಖ ನೋಡಿದಳು, ನೋಡುತ್ತಲೇ ಮತ್ತೆ ಬಾಯಿ ಹಾಕಿದಳು.

ಮಹಾಂತೇಶ್ ಊಟ ಮುಗಿಸಿ ಕರ್ಚೀಫಲ್ಲಿ ಕೈ ಒರೆಸುತ್ತ ಇತ್ತಲೇ ಬರುತ್ತಿದ್ದಾನೆ, ಹಿಂದೆ ಬಳ್ಳಾರಿಯವನು, ನಾಳೆ ಮತ್ತೆ ಹಚ್ಚಬೇಕು, ಇನ್ನೂ ದಪ್ಪಗೆ, ಎರಡು ದಿನ ಹಚ್ಚಿದ್ರೆ ಬಿಡ್ತೈತೆ ಅಂದರು ಅತ್ತೆ, ಬಿಡಲಿ, ಬಿಡದಿದ್ದರೆ, ಅವಳು ಅಳಲೂ ಇಲ್ಲ, ಒಂದು ಸಲ ಅತ್ತಿದ್ದರೂ ಸಾಕಿತ್ತು — ಏನಂತೀರಿ ಮೇಡಂ, ಗಾಡಿ ಹೇಳ್ಲಾ ಸೋಮವಾರಕ್ಕೆ — ಹೂಂ ಸರ್ ಅಂದೆ, ಅಂದೇಬಿಟ್ಟೆ, ನನ್ನದೇ ಧ್ವನಿ, ಅವನು ನಕ್ಕು ಎಲ್ಲರಿಗೂ ಹೇಳುತ್ತಿದ್ದಾನೆ, ಚಪ್ಪಾಳೆ, ಯಾರೋ ಪೇಡೆ ತರಲು ಓಡಿದರು, ಬೆಳಿಗ್ಗೆ ಕೂಸು, ಕಹಿ ಅಂತ ಗೊತ್ತಿದ್ದೂ, ಮುಖ ಕಿವುಚಿಕೊಂಡೇ, ಗುಟುಕು ಗುಟುಕಾಗಿ, ಕಣ್ಣು ನನ್ನ ಮೇಲಿಂದ ಕೀಳದೆ, ತುಟಿಯೆಲ್ಲ ಹಸಿರು, ಕುಡಿದಳು, ತುಟಿಯೆಲ್ಲ ಹಸಿರು